ಕರಿ ಎರಡು

ನಾನು ಹಾಡುವುದು ಕರಿ ಎರಡರಲ್ಲಿ. ಬಹಳ ವರ್ಷ ಹೀಗೆ ಹೇಳಿಕೊಂಡು ಬಂದೆ, ಕೇಳದವರಿಗೂ ಹೇಳಿದೆ. ಹಾರ್ಮೋನಿಯಂ ಪೇಟಿಯಲ್ಲಿ ಬಿಳಿ ಮನೆಗಳ ನಡುವೆ ಕರಿ ಮನೆಗಳಿರುತ್ತವೆ. ಅವುಗಳಲ್ಲಿ ಎರಡನೆಯದನ್ನು ಸಾ ಎಂದು ಹಿಡಿದು ಹಾಡಿದರೆ ಅದು ಕರಿ ಎರಡು. ನಮ್ಮ ಕಡೆ ಹಾಡುವವರ ಗುರುತೇ ಇದು. ಅವನದು ಬಿಳಿ ಒಂದು, ಇವನದು ಕರಿ ಒಂದು ಎನ್ನುತ್ತಾರೆ, ಅಂಗಿಯ ಅಳತೆ ಹೇಳಿದ ಹಾಗೆ. ಗಂಡಸಿನ ಕಂಠಕ್ಕೆ ಕರಿ ಎರಡು ತುಸು ಎತ್ತರ. ಅಲ್ಲಿಂದ ಹತ್ತಿ ಮೇಲಿನ ಸಾ ಹಿಡಿದು ನಿಂತಾಗ ಮುಂದಿನ ಸಾಲಿನ ಮುದುಕರು ತಲೆ ಎತ್ತಿ ನೋಡುತ್ತಾರೆ. ಆ ನೋಟಕ್ಕಾಗಿಯೇ ಹಾಡುತ್ತಿದ್ದೆನೇನೋ.

ಈಗ ಬರೆಯುತ್ತಿರುವುದು ಒಂದು ಶನಿವಾರ-ಭಾನುವಾರದ ಮಾತು. ತೊಗರಿ ಕೊಯ್ಲು ಮುಗಿದು ಹೊಲಗಳು ಬೋಳಾಗಿದ್ದವು, ಮದುವೆಯ ಹಂಗಾಮು ಶುರುವಾಗಿತ್ತು. ಇದರಲ್ಲಿ ನಿಜಕ್ಕೂ ನೆನಪಿರುವುದೆಷ್ಟು, ಆಮೇಲೆ ನಾನೇ ಕೂಡಿಸಿಕೊಂಡದ್ದೆಷ್ಟು ಎಂದು ಹೇಳಲಾರೆ. ಆ ಎರಡು ದಿನಗಳಾದ ಮೇಲೆ ನನ್ನ ನೆನಪಿನ ಬಗ್ಗೆ ಆಣೆ ಮಾಡುವ ಧೈರ್ಯ ನನಗಿಲ್ಲ.

ವಾರದ ದಿನಗಳಲ್ಲಿ ನಾನು ಹುಮನಾಬಾದಿನ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅತಿಥಿ ಉಪನ್ಯಾಸಕ. ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿ, ಸಂಶೋಧನೆಗೆ ಸೇರಿ, ಅರ್ಧಕ್ಕೆ ಬಿಟ್ಟು, ಊರಿಂದೂರಿಗೆ ತಿರುಗಿ ಇಲ್ಲಿಗೆ ಬಂದವನು. ಯಾವುದರಲ್ಲೂ ನೆಲೆ ನಿಲ್ಲದ ಸ್ವಭಾವ. ಕಣ್ಣಾರೆ ಕಂಡೆ ಎಂದು ಯಾರು ಗಟ್ಟಿಯಾಗಿ ಹೇಳುತ್ತಾರೋ ಅವರನ್ನು ಮೊದಲು ಅನುಮಾನಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಕಾಲೇಜು ಬಿಟ್ಟ ಮೇಲೆ ನನಗಿರುವುದು ಒಂದು ಬಾಡಿಗೆ ಕೋಣೆ, ಒಂದು ಗ್ಯಾಸ್ ಒಲೆ, ಗೋಡೆಯಾಚೆ ಪಕ್ಕದ ಮನೆಯವರ ಟಿ.ವಿ. ಶನಿವಾರ ಬಂದರೆ ಮಾತ್ರ ಓಣಿಯ ಬಾಯಲ್ಲಿ ಒಂದು ಬಿಳಿ ವ್ಯಾನು ನಿಂತು ಎರಡು ಸಲ ಹಾರ್ನ್ ಹೊಡೆಯುತ್ತದೆ. ಅದರೊಳಗೆ ಮೂರು ಜನ. ಅವರು ನನಗಾಗಿ ಬರುವುದು ನಾನು ಹಾಡುತ್ತೇನೆಂದು. ಹಾಡು ಹೋದರೆ ಹಾರ್ನ್ ಯಾಕೆ ಹೊಡೆದಾರು? ಈ ವಿಷಯ ನನಗೆ ಸದಾ ಸ್ಪಷ್ಟವಾಗಿತ್ತು. ಹಾಗಾಗಿ ಬೆಳಿಗ್ಗೆ ಎದ್ದು ಮೊದಲು ಗಂಟಲು ಸರಿಮಾಡಿಕೊಂಡು ಒಂದು ಸಾ ಹಿಡಿದು ನೋಡುತ್ತಿದ್ದೆ, ಮನೆಯಲ್ಲಿ ಇನ್ನೊಬ್ಬರಿದ್ದಾರೋ ಎಂದು ಕೂಗಿ ನೋಡಿದಂತೆ.

ಆ ಮೂವರಲ್ಲಿ ಕೀಬೋರ್ಡ್ ನುಡಿಸುವವನು ಘಾಟಬೋರಾಳದವನು, ಮೂವತ್ತರ ಆಸುಪಾಸು, ಹುಮನಾಬಾದಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನು ಪೇಟಿ ಕಲಿತದ್ದು ಊರಿನ ಭಜನಾ ಮಂಡಳಿಯಲ್ಲಿ. ಅಲ್ಲಿ ಹಿರಿಯರೆಲ್ಲ ಕರಿ ಎರಡರಲ್ಲೇ ಕೂಗುತ್ತಿದ್ದರಂತೆ, ಅವನ ಬೆರಳಿಗೆ ಅದೊಂದೇ ದಾರಿ ಗೊತ್ತು. ಬೇರೆ ಶ್ರುತಿ ಬೇಕೆಂದರೆ ಕೀಬೋರ್ಡಿನಲ್ಲಿ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಇಡೀ ಕೀಬೋರ್ಡ್ ಒಂದೊಂದೇ ಮನೆ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಬೆರಳು ಇದ್ದಲ್ಲೇ ಇರುತ್ತದೆ, ದನಿ ಬೇರೆ ಬರುತ್ತದೆ. ಮದುಮಗನ ಗೆಳೆಯ ಯಾರಾದರೂ ವೇದಿಕೆ ಹತ್ತಿ "ನಂದೂ ಒಂದ್ ಹಾಡು" ಎಂದರೆ ಅವನ ಗಂಟಲು ನೋಡಿ ಗುಂಡಿ ಒತ್ತುತ್ತಿದ್ದ. "ಕುಂತಲ್ಲೇ ಕುಂತು ಊರು ಸುತ್ತೋ ವಿದ್ಯಾ ಇದು" ಎಂದು ನಾನು ಅವನಿಗೆ ಎಷ್ಟು ಸಲ ಚೇಷ್ಟೆ ಮಾಡಿದ್ದೇನೋ.

ತಬಲಾ, ಢೋಲಕ್ ಎರಡನ್ನೂ ನುಡಿಸುವವರು ಬಸವಕಲ್ಯಾಣದ ಒಬ್ಬ ಹಿರಿಯರು. ನಮಗೆಲ್ಲ ಚಾಚಾ. ಅವರ ಮನೆತನದ ಕಸುಬು ಹಾಸಿಗೆ ಹೊಲಿಯುವುದು, ತಬಲಾ ಅವರ ಸ್ವಂತ ಹುಚ್ಚು. ಮೂರನೆಯವನು ವ್ಯಾನಿನ ಮಾಲೀಕ, ಡ್ರೈವರ್, ಸ್ಪೀಕರು ಹೊರುವವನು, ಸೌಂಡು ನೋಡುವವನು, ಎಲ್ಲ ಒಬ್ಬನೇ. ಅವನನ್ನು ಎಲ್ಲರೂ ಮಾಮಾ ಎನ್ನುತ್ತಾರೆ. ಮೂವರಿಗೂ ನಾನು ಸರ್. ಎಷ್ಟು ಕೂಡಿ ಉಂಡರೂ ಅದು ಬದಲಾಗಲಿಲ್ಲ.

ಶನಿವಾರ ಮಧ್ಯಾಹ್ನ ಹುಮನಾಬಾದಿನಲ್ಲೇ ಒಂದು ನಿಶ್ಚಿತಾರ್ಥ. ಹೆಣ್ಣಿನ ತಂದೆಗೆ ಹಳೆಯ ಸಿನಿಮಾ ಹಾಡು ಬೇಕು, ಗಂಡಿನ ಕಡೆಯವರಿಗೆ ಹಿಂದಿ. ನಾನು ಎರಡನ್ನೂ ಹಾಡಿದೆ. ಮೇಲಿನ ಸಾ ನೆಟ್ಟಗೆ ಬಂತು. ಮುಂದಿನ ಸಾಲಿನಲ್ಲಿದ್ದ ಪಟಕಾ ಸುತ್ತಿದ ಮುದುಕರೊಬ್ಬರು ಊಟದ ಮಾತು ನಿಲ್ಲಿಸಿ ತಲೆ ಎತ್ತಿದರು. ಪಟಕಾ ಕೇಸರಿಯದೋ ಬಿಳಿಯದೋ ಎಂದು ಕೇಳಿದರೆ ಹೇಳಲಾರೆ, ಆದರೆ ಆ ನೋಟ ನೆನಪಿದೆ. ಇಳಿದು ಬಂದಾಗ ಕೀಬೋರ್ಡಿನವನು "ಮಸ್ತ್ ಆಯ್ತ್ರಿ ಸರ್" ಎಂದ. "ಕರಿ ಎರಡು ಅಂದ್ರ ಸುಮ್ಮನೇನಪ್ಪಾ" ಎಂದೆ. ಅವನು ವಯರು ಸುತ್ತುತ್ತಿದ್ದ. ತಲೆ ಎತ್ತಲಿಲ್ಲ ಎಂದು ಈಗ ಅನಿಸುತ್ತದೆ. ಈಗ ಅನಿಸುವುದು ಸಾಕ್ಷಿಯಲ್ಲ.

ಸಂಜೆ ಬಸವಕಲ್ಯಾಣಕ್ಕೆ ಹೊರಟೆವು. ಮರುದಿನ ಬೆಳಿಗ್ಗೆ ಅಲ್ಲೊಬ್ಬ ಬಟ್ಟೆ ವ್ಯಾಪಾರಿಯ ಹೊಸ ಮನೆಯ ಗೃಹಪ್ರವೇಶದಲ್ಲಿ ವಚನ ಗಾಯನ ಇತ್ತು, ನಮಗೆ ಮಲಗಲು ಅದೇ ಮನೆಯ ಮಹಡಿ. ದಾರಿಯುದ್ದಕ್ಕೂ ಲಾರಿಗಳ ಸಾಲು. ಮಾಮಾ ಮತ್ತು ಕೀಬೋರ್ಡಿನವನು ಯಾವುದೋ ಹಳೆಯ ಮದುವೆಯಲ್ಲಿ ಹೆಣ್ಣಿನ ಸೋದರಮಾವ ಸ್ಪೀಕರಿನ ಮೇಲೆ ಕೂತು ಕೆಳಗೆ ಬಿದ್ದದ್ದನ್ನು ನೆನೆಸಿ ನಗುತ್ತಿದ್ದರು.

"ಸರ್ ನೀವೂ ಇದ್ರಿ ಅವತ್ತ. ನೀವೇ ಅವರನ್ನ ಎಬ್ಬಿಸಿದ್ರಿ" ಎಂದ ಮಾಮಾ.

ನನಗೆ ನೆನಪಿರಲಿಲ್ಲ. ಹೌದು ಎಂದು ನಕ್ಕೆ. ನೆನಪಿಲ್ಲದ್ದಕ್ಕೆ ನಗುವುದು ನನಗೆ ರೂಢಿಯಾಗಿದೆ. ಇಲ್ಲದಿದ್ದರೆ ಮಾತು ನಿಂತುಬಿಡುತ್ತದೆ.

ಮಹಡಿಯಲ್ಲಿ ಇನ್ನೂ ಬಣ್ಣದ ವಾಸನೆ. ಚಾಚಾ ಊರಿನವರೇ ಆದ್ದರಿಂದ ಮನೆಗೆ ಹೋದರು. ಉಳಿದಿಬ್ಬರು ಒಂದೊಂದು ಮೂಲೆ ಹಿಡಿದು ಮನೆಗೆ ಫೋನು ಮಾಡಿದರು. ಕೀಬೋರ್ಡಿನವನ ಮಗಳು ಏನೋ ಹಟ ಮಾಡುತ್ತಿದ್ದಳು, ಅವನು ಫೋನಿನಲ್ಲೇ ಬೆಕ್ಕಿನ ದನಿ ತೆಗೆದು ತೋರಿಸುತ್ತಿದ್ದ. ಮಾಮಾ ಎಮ್ಮೆಯ ವಿಷಯಕ್ಕೆ ಹೆಂಡತಿಯ ಕೂಡ ಜಗಳ ಆಡುತ್ತಿದ್ದ. ನಾನೂ ಮೊಬೈಲ್ ತೆಗೆದು ನಾಳೆಯ ಹವಾಮಾನ ನೋಡಿದೆ. ಬಿಸಿಲು ಎಂದಿತ್ತು. ಮತ್ತೆ ತೆಗೆದು ಬೀದರಿನ ಹವಾಮಾನ ನೋಡಿದೆ. ಅಲ್ಲೂ ಬಿಸಿಲು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಶಾಮಿಯಾನ, ಜಮಖಾನೆ, ಕೂತ ಹೆಂಗಸರು, ಕಂಬಕ್ಕೊರಗಿದ ಗಂಡಸರು. ಪೂಜೆ ಮುಗಿದು ನಾವು ಇನ್ನೇನು ಶುರು ಮಾಡಬೇಕು, ಹೊಸ ಮನೆಯ ವಯರಿಂಗಿನಲ್ಲಿ ಎಲ್ಲೋ ಸುಟ್ಟ ವಾಸನೆ ಬಂದು ಎಲ್ಲ ಆರಿಹೋಯಿತು. ಮೈಕ್ ಇಲ್ಲ, ಕೀಬೋರ್ಡ್ ಇಲ್ಲ. ಮಾಮಾ ಬೋರ್ಡಿನ ಹತ್ತಿರ ಓಡಿದ.

ಮನೆಯ ಯಜಮಾನ ಕೈ ಹೊಸೆಯುತ್ತ ಬಂದರು. "ಏನ್ ಮಾಡೋದ್ರೀ ಸರ್? ಮಂದಿ ಕುಂತಾರ. ಎದುರು ಮನ್ಯಾಗ ಭಜನಿ ಪೇಟಿ ಅದ. ತರಿಸ್ಲೇನು?"

"ತರಿಸ್ರಿ. ಪೇಟಿ ಇದ್ರ ಇನ್ನೂ ಚಲೋ" ಎಂದೆ. ನನಗೆ ಹಿಗ್ಗೇ ಆಗಿತ್ತು. ಮೈಕಿಲ್ಲದೆ, ಪೇಟಿಯ ಮೇಲೆ, ನನ್ನ ಸ್ವಂತ ದನಿಯಲ್ಲಿ.

ಪೇಟಿ ಬಂತು. ಕೀಬೋರ್ಡಿನವನು ಅದರ ಮುಂದೆ ಕೂತು ಗಾಳಿ ಊದುವ ಬಾತಿ ಬಿಚ್ಚಿದ. ಚಾಚಾರ ಕಡೆ ನೋಡಿದ. ಚಾಚಾ ಬಿಚ್ಚಿಟ್ಟಿದ್ದ ತಬಲಾವನ್ನು ಮತ್ತೆ ಚೀಲಕ್ಕೆ ಹಾಕಿ ಢೋಲಕ್ ಎಳೆದುಕೊಂಡರು.

"ಯಾಕ ಚಾಚಾ? ವಚನಕ್ಕ ತಬಲಾನೇ ಬೇಕಲ್ಲ" ಎಂದೆ.

"ಇವತ್ತ ಢೋಲಕ್ ಸಾಕ್ರಿ ಸರ್. ತಬಲಾ ಜರಾ ಠಂಡಿ ಹಿಡದದ."

"ಸರ್, ಒಂದ್ ನಾಲ್ಕು ಭಜನಿ ಎಲ್ಲಾರೂ ಕೂಡಿ ಹಾಡೋಣೇನ್ರಿ? ಮಂದಿಗೂ ಸೇರ್ತದ" ಎಂದ ಕೀಬೋರ್ಡಿನವನು. ಅವನ ಹಣೆಯ ಮೇಲೆ ಬೆವರು. ಚಳಿಗಾಲದ ಬೆಳಗು ಅದು.

"ಮೊದಲು ವಚನ. ಕರಿ ಎರಡು ಕೊಡು" ಎಂದೆ.

ಅವನ ಬೆರಳು ಕರಿ ಎರಡರ ಮೇಲೆ ಕೂತಿತು. ಅವನಿಗಿರುವುದು ಅದೊಂದೇ ಮನೆ. ಶ್ರುತಿ ಕೇಳಿದ ಕ್ಷಣದಲ್ಲೇ ಏನೋ ಬೇರೆ ಅನಿಸಿತೇ? ಅನಿಸಿತು ಎಂದು ಬರೆಯಲು ಕೈ ಮುಂದಾಗುತ್ತದೆ. ಆದರೆ ಅದು ಸುಳ್ಳಿರಬಹುದು. ನಾನು ಆರಾಮಾಗಿ ಶುರು ಮಾಡಿದೆ ಎಂಬುದೇ ಹೆಚ್ಚು ನಿಜ. ಮೊದಲ ಸಾಲುಗಳು ನಡೆದವು, ತುಸು ಬಿಗಿಯಾಗಿ. ವಚನದ ಕಡೆಯಲ್ಲಿ ಅಂಕಿತದ ಸಾಲು ಮೇಲಕ್ಕೇರುತ್ತದೆ. ಏರಿದೆ. ಸಾ ಇರಬೇಕಾದ ಜಾಗದಲ್ಲಿ ಗಂಟಲಿನಿಂದ ಒಂದು ಸದ್ದು ಬಂತು, ಒಣಗಿದ ಬಾಗಿಲು ತೆಗೆದಂಥದ್ದು. ನಿಂತೆ. ಗಂಟಲು ಸರಿಮಾಡಿಕೊಂಡು ಮತ್ತೆ ಅದೇ ಸಾಲು ಹಿಡಿದೆ. ಮತ್ತೆ ಅದೇ ಸದ್ದು. ಚಾಚಾರ ಕೈ ಢೋಲಕಿನ ಮೇಲೆ ಹಾಗೇ ನಿಂತಿತು. ಕಂಬಕ್ಕೊರಗಿದವರು ನೆಲ ನೋಡಿದರು.

ಮುಂದೆ ಕೂತಿದ್ದ ಒಬ್ಬ ಅಜ್ಜಿ, "ಸಾಕು ಬಿಡಪಾ ತಮ್ಮಾ. ನೀರ ಕುಡಿ. ನಾವ್ ಅಂತೀವಿ" ಎಂದಳು. ಯಾವ ಶ್ರುತಿಯ ಹಂಗೂ ಇಲ್ಲದೆ ತನಗೆ ತಿಳಿದಲ್ಲಿಂದ ಅದೇ ಸಾಲು ಎತ್ತಿಕೊಂಡಳು. ಸುತ್ತಲಿನ ಹೆಂಗಸರು ಕೂಡಿಕೊಂಡರು. ಕೀಬೋರ್ಡಿನವನು ಅವರ ದನಿಗೆ ಪೇಟಿ ಹೊಂದಿಸಲಾರದೆ ಬಾತಿ ಮುಚ್ಚಿದ. ಚಾಚಾ ಮಾತ್ರ ಮೆಲ್ಲಗೆ ನುಡಿಸುತ್ತ ಉಳಿದರು. ನಾನು ನೀರು ಕುಡಿಯುತ್ತ ಕೂತೆ. ವಚನ ಚೆನ್ನಾಗಿ ಮುಗಿಯಿತು. ನನ್ನ ಕೊರತೆ ಯಾರಿಗೂ ಕಾಣಲಿಲ್ಲ.

ಊಟಕ್ಕೆ ಗೋಧಿ ಹುಗ್ಗಿ. ಎಲೆಯ ಮುಂದೆ ನಾಲ್ವರೂ ಸಾಲಾಗಿ ಕೂತಾಗ ನಾನೇ ಮಾತು ತೆಗೆದೆ.

"ಹಳೇ ಪೇಟಿ. ಶ್ರುತಿ ಏರ್ಯಾದ ಅದರದು."

"ಪೇಟಿದು ಏನ್ ಕಸೂರ್ ಇಲ್ರಿ ಸರ್" ಎಂದರು ಚಾಚಾ. ಅಂದವರೇ ನೀರಿನ ಲೋಟ ಎತ್ತಿ ಬಾಯಿಗಿಟ್ಟರು. ಕೀಬೋರ್ಡಿನವನು ಅವರ ಕಡೆ ಒಂದು ನೋಟ ಹಾಕಿದ. ಮಾಮಾ ಜೋರಾಗಿ, "ಹುಗ್ಗಿಗಿ ತುಪ್ಪ ಹಾಕ್ರಿ ಇಲ್ಲಿ, ನಮ್ ಸರ್ ಎಲಿ ಖಾಲಿ ಅದ" ಎಂದು ಕೂಗಿದ. ನನ್ನ ಎಲೆ ಖಾಲಿ ಇರಲಿಲ್ಲ.

ಸಂಜೆ ಹುಮನಾಬಾದಿನಲ್ಲಿ ಮೂರನೆಯ ಕಾರ್ಯಕ್ರಮ. ಒಬ್ಬ ಕಿರಾಣಿ ಅಂಗಡಿಯ ದಂಪತಿಗೆ ಮದುವೆಯಾಗಿ ಇಪ್ಪತ್ತೈದು ವರ್ಷ, ಮಕ್ಕಳು ಸೇರಿ ಒಂದು ಸಣ್ಣ ಸಭಾಭವನ ಹಿಡಿದಿದ್ದರು. ದಾರಿಯಲ್ಲಿ ಹೆದ್ದಾರಿಯ ಬಂಗ್ಲಾ ಕ್ರಾಸಿನಲ್ಲಿ ಚಾ ಕುಡಿಯಲು ನಿಂತೆವು. ಅವರು ಮೂವರೂ ಹೋಟೆಲಿನ ಒಳಗೆ ಹೋದರು. ನಾನು ವ್ಯಾನಿನಲ್ಲೇ ಉಳಿದೆ. ಆ ಪೇಟಿಯ ಸಾ ಕಿವಿಯಲ್ಲಿ ಇನ್ನೂ ಇತ್ತು, ಅಥವಾ ಇದೆ ಎಂದುಕೊಂಡಿದ್ದೆ. ಅದನ್ನು ಮೂಗಿನಲ್ಲೇ ಹಿಡಿದುಕೊಂಡು, ನಿಶ್ಚಿತಾರ್ಥದ ಮನೆಯವರು ಕಳಿಸಿದ್ದ ಶನಿವಾರದ ವಿಡಿಯೋ ಹಾಕಿದೆ. ನಾನು ಹಾಡುತ್ತಿದ್ದೇನೆ. ಕೈ ಮೇಲೆತ್ತಿದ್ದೇನೆ. ದನಿ ಎಷ್ಟೋ ಕೆಳಗಿನಿಂದ ಬರುತ್ತಿದೆ. ಮೂಗಿನಲ್ಲಿ ಹಿಡಿದದ್ದಕ್ಕೂ ಮೊಬೈಲಿನದಕ್ಕೂ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ.

ಆದರೆ ಕಿವಿಯ ನೆನಪನ್ನು ನಂಬುವುದು ಹೇಗೆ? ಮೊಬೈಲಿನ ಸ್ಪೀಕರು, ಹೆದ್ದಾರಿಯ ಗದ್ದಲ, ಬೆಳಗಿನ ಅವಮಾನ. ಇಷ್ಟರಲ್ಲಿ ಯಾವ ಸಾಕ್ಷಿಯೂ ನಿಲ್ಲುವುದಿಲ್ಲ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಅನುಮಾನ ಪಡುವುದು ಆಗ ಒಂದು ಆಸರೆಯಾಗಿತ್ತು. ಕಿಟಕಿಯಿಂದ ನೋಡಿದರೆ ಹೋಟೆಲಿನ ಒಳಗೆ ಮೂವರೂ ತಲೆ ಕೂಡಿಸಿ ಮಾತಾಡುತ್ತಿದ್ದರು. ಯಾರೂ ನಗುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಮಾಮಾ ನನ್ನ ಚಾ ಹಿಡಿದುಕೊಂಡು ಬಂದ. ಮೇಲೆ ಕೆನೆ ಕಟ್ಟಿತ್ತು.

ಸಭಾಭವನ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಮಾಮಾ ಸ್ಪೀಕರು ಹೊತ್ತು ಹಾಕಿದ, ಕೀಬೋರ್ಡಿನವನು ಕೀಬೋರ್ಡ್ ಜೋಡಿಸಿ ಚಾಲೂ ಮಾಡಿ ಕೈಕಾಲು ತೊಳೆಯಲು ಹೋದ. ನಾನು ವೇದಿಕೆ ಹತ್ತಿದೆ. ಹಾಡುವವನು ಸದಾ ಮುಂದೆ ನಿಲ್ಲುತ್ತಾನೆ, ಕೀಬೋರ್ಡಿಗೆ ಬೆನ್ನು ಹಾಕಿ. ತಿರುಗಿ ನೋಡಿದರೂ ಕಾಣುವುದು ಬೆರಳು. ಆ ಬೆರಳು ಕರಿ ಎರಡರ ಮೇಲಿತ್ತು ಎಂಬುದೇ ನನಗೆ ಇಷ್ಟು ವರ್ಷ ಪುರಾವೆ. ಅವತ್ತು ಮೊದಲ ಸಲ ನುಡಿಸುವವನ ಜಾಗದಲ್ಲಿ ನಿಂತು ನೋಡಿದೆ. ಮೇಲೆ ಒಂದು ಸಣ್ಣ ಬೆಳಕಿನ ಕಿಟಕಿ. ಅದರ ಮೂಲೆಯಲ್ಲಿ ಕಳೆಯುವ ಗುರುತಿನ ಒಂದು ಅಡ್ಡಗೆರೆ, ಪಕ್ಕದಲ್ಲಿ ಮೂರು.

ಕರಿ ಎರಡು ಒತ್ತಿದೆ. ಶನಿವಾರದ ಸಾ ಬಂತು. ಗುಂಡಿ ಒಂದು ಸಲ ಒತ್ತಿ, ಮತ್ತೆ ಅದೇ ಮನೆ ಒತ್ತಿದೆ. ಮತ್ತೊಂದು ಸಲ. ಇನ್ನೊಂದು ಸಲ. ಕಿಟಕಿಯಲ್ಲಿ ಸೊನ್ನೆ ಬಂತು. ಬೆರಳು ಇದ್ದಲ್ಲೇ ಇತ್ತು, ದನಿ ಮೆಟ್ಟಿಲು ಹತ್ತಿ ಬೆಳಗಿನ ಪೇಟಿಯ ಜಾಗಕ್ಕೆ ಹೋಗಿ ನಿಂತಿತ್ತು.

"ಸರ್, ಅದನ್ನ ಮುಟ್ಟಬ್ಯಾಡ್ರಿ. ಅವ ಸೆಟಿಂಗ್ ಮಾಡಿ ಇಟ್ಟಾನ" ಎಂದ ಮಾಮಾ, ಮೈಕಿನ ಸ್ಟ್ಯಾಂಡು ಹಿಡಿದು ಬರುತ್ತ. ನನ್ನ ಮುಖ ನೋಡಿ ಸ್ಟ್ಯಾಂಡು ಕೆಳಗಿಟ್ಟ.

"ನಿನಗ ಗೊತ್ತಿತ್ತೇನು ಮಾಮಾ?"

ಅವನು ತಲೆ ಕೆರೆದುಕೊಂಡ. "ಅದರಾಗೇನದ ಬಿಡ್ರಿ ಸರ್. ಗಾಡಿ ಘಾಟ ಏರುವಾಗ ನಾ ಗೇರ್ ಇಳಸಂಗಿಲ್ಲೇನು? ಇಳಸಿದ್ರ ಗಾಡಿ ಕೆಟ್ಟದ ಅಂತೇನು?"

"ಡ್ರೈವರ್‌ಗೆ ಹೇಳದೆ ಗೇರ್ ಇಳಸ್ತಾರೇನು?"

ಅವನು ಸ್ಟ್ಯಾಂಡು ಮತ್ತೆ ಎತ್ತಿಕೊಂಡ. ಕೀಬೋರ್ಡಿನವನು ಕರ್ಚೀಫಿನಿಂದ ಮುಖ ಒರೆಸಿಕೊಳ್ಳುತ್ತ ಬಂದ, ಹಿಂದೆ ಚಾಚಾ. ಕಿಟಕಿಯ ಸೊನ್ನೆ ನೋಡಿದ. ಅಲ್ಲಿಗೆ ಎಲ್ಲರಿಗೂ ಎಲ್ಲ ಗೊತ್ತಾಯಿತು.

"ಯಾವಾಗಿಂದ?" ಎಂದೆ.

"ನೀವೇ ಹೇಳಿದ್ರಿ ಸರ್" ಎಂದ ಅವನು.

ಈ ಉತ್ತರಕ್ಕೆ ನಾನು ತಯಾರಿರಲಿಲ್ಲ. ಮೋಸ ಮಾಡಿದಿರಿ ಎಂದು ಹೇಳಬೇಕೆಂದಿದ್ದೆ, ಮಾತು ಬಾಯಿಗೆ ಬಂದಿತ್ತು.

"ಹುಲಸೂರ ಮದುವ್ಯಾಗ. ನಿಮಗ ಜ್ವರ ಇತ್ತು. ಇವತ್ತ ಜರಾ ಇಳಿಸಪಾ ಅಂದ್ರಿ. ಇಳಿಸ್ದೆ. ಮುಂದಿನ ವಾರ ಏರಿಸ್ಲೇನ್ರಿ ಅಂತ ಕೇಳ್ದೆ. ನೀವು, 'ಏರಸೋದೇನು, ಕರಿ ಎರಡರಾಗೇ ಹಾಡಾಕತ್ತೀನಲ್ಲ' ಅಂದ್ರಿ. ನಾ ಏನ್ ಮಾಡ್ಲಿ ಹೇಳ್ರಿ? ಸುಮ್ಮನಾದೆ. ಆಮ್ಯಾಲ ಒಂದೊಂದು ಇನ್ನೂ ಇಳೀತು."

"ಜ್ವರ ಅಲ್ಲೋ ಮಾರಾಯಾ" ಎಂದರು ಚಾಚಾ. "ಕೊಡಂಬಲದಾಗ. ಸರ್ ಅವರ ಅವ್ವ ತೀರಿ ತಿಂಗಳಾಗಿತ್ತು. ಆವಾಜ್ ಕುಂತಿತ್ತು ಅವರದು. ಸರ್ ಏನೂ ಅನ್ನಲಿಲ್ಲ, ನಾನೇ ನಿನಗ ಕಣ್ಣಸನ್ನಿ ಮಾಡ್ದೆ, ಇಳಿಸು ಅಂತ."

"ಇಲ್ರಿ ಚಾಚಾ, ಅದು ಎರಡನೇ ಸಲ. ಮೊದಲ ಸಲ ಹುಲಸೂರ."

"ಹುಲಸೂರಕ ಸರ್ ಬಂದೇ ಇಲ್ಲ!"

"ಬಂದಿದ್ರು! ನಂಬಿದ್ರ ನಂಬ್ರಿ, ಬಿಟ್ರ ಬಿಡ್ರಿ. ಸ್ಪೀಕರ್ ಮ್ಯಾಲಿಂದ ಬಿದ್ದಿದ್ದು ಹುಲಸೂರದಾಗೇ" ಎಂದ ಮಾಮಾ.

ಅವರು ಜಗಳಕ್ಕೇ ಬಿದ್ದರು. ನನ್ನ ಬದುಕಿನ ಎರಡು ದಿನಗಳ ಮೇಲೆ ಮೂವರು ವಾದ ಮಾಡುತ್ತಿದ್ದರು, ನಾನು ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ. ಎರಡರಲ್ಲಿ ಒಂದೂ ನನ್ನಲ್ಲಿ ಉಳಿದಿರಲಿಲ್ಲ. ಅವ್ವ ತೀರಿದ ವರ್ಷ ಹಾಡಿದ್ದೇ ನೆನಪಿಲ್ಲ. ಜ್ವರ ಬಂದದ್ದು ಯಾರಿಗೆ ನೆನಪಿರುತ್ತದೆ? ನಾನೇ ಹೇಳಿದ್ದರೆ ಇದು ಮೋಸವಲ್ಲ. ಹೇಳಿರದಿದ್ದರೆ ಮೋಸ. ಎರಡಕ್ಕೂ ಒಬ್ಬೊಬ್ಬ ಸಾಕ್ಷಿ ಇದ್ದ, ಇಬ್ಬರೂ ಗಟ್ಟಿಯಾಗಿ ಹೇಳುತ್ತಿದ್ದರು. ತರಗತಿಯಲ್ಲಾದರೆ ಇಬ್ಬರನ್ನೂ ತಳ್ಳಿಹಾಕುತ್ತಿದ್ದೆ. ಆದರೆ ಮೂರನೆಯ ಸಾಕ್ಷಿಯಾದ ನನ್ನ ಹತ್ತಿರ ಇದ್ದದ್ದು ಕರಿ ಎರಡು ಎಂಬ ಒಂದೇ ಮಾತು. ಅದು ಸುಳ್ಳು ಎಂದು ಕಿಟಕಿಯಲ್ಲಿ ಬರೆದಿತ್ತು.

"ಮತ್ತ ತಬಲಾ?" ಎಂದೆ ಚಾಚಾರಿಗೆ. ಒಂದು ಕಾಲದಲ್ಲಿ ಅವರು ದೊಡ್ಡ ಬಾಯಿನ ಹೊಸ ತಬಲಾ ತಂದಿದ್ದರು. ಹಳೆಯದರ ಚರ್ಮ ಹರಿಯಿತು ಎಂದಿದ್ದರು, ಅಥವಾ ನಾನು ಹಾಗೆ ತಿಳಿದುಕೊಂಡಿದ್ದೆ. ಬಾಯಿ ದೊಡ್ಡದಾದಷ್ಟೂ ತಬಲಾದ ಶ್ರುತಿ ಕೆಳಗೆ.

"ಹಳೇದು ಮನ್ಯಾಗ ಅದ್ರಿ ಸರ್. ಚಲೋ ಅದ" ಎಂದರು ಚಾಚಾ. "ನಿಮ್ಮ ಶ್ರುತಿಗಿ ಅದು ಕೂಡಲಿಲ್ಲ. ಅದಕ್ಕ ಹೊಸಾದು ತಂದೆ. ಬೆಳಿಗ್ಗಿ ಪೇಟಿ ನೋಡಿ ಎದಿ ಧಸಕ್ ಅಂತು ನಂದು. ಹ್ಯಾಂಗ ಹೇಳ್ಬೇಕು ಮಂದ್ಯಾಗ?"

ಒಬ್ಬ ಮನುಷ್ಯ ನನ್ನ ಇಳಿದ ದನಿಗಾಗಿ ಬೇರೆ ತಬಲಾ ಕೊಂಡು ತಂದಿದ್ದ. ಅದನ್ನು ಪ್ರೀತಿ ಎಂದು ಕರೆಯಬೇಕು, ನನಗೆ ಗೊತ್ತು. ಆ ಹೊತ್ತಿನಲ್ಲಿ ಮಾತ್ರ ನನಗೆ ಅನಿಸಿದ್ದು ಬೇರೆ. ಇವರು ಮೂವರು ಒಂದು ಪಾರ್ಟಿ, ನಾನು ಅವರು ಹೊತ್ತು ತಿರುಗುವ ಸಾಮಾನು. ಸ್ಪೀಕರಿನ ಹಾಗೆ, ಸ್ಟ್ಯಾಂಡಿನ ಹಾಗೆ, ಜೋಕೆಯಿಂದ. ಅವರು ನನ್ನ ವಿಷಯ ಎಷ್ಟು ಸಲ ಮಾತಾಡಿಕೊಂಡಿರಬೇಕು, ಎಷ್ಟು ಹೋಟೆಲುಗಳಲ್ಲಿ, ನಾನು ಹೊರಗೆ ವ್ಯಾನಿನಲ್ಲಿ ಕೂತಿದ್ದಾಗ.

"ಇವತ್ತ ನಾ ಹಾಡಂಗಿಲ್ಲ" ಎಂದೆ.

ಬಾಗಿಲಲ್ಲಿ ಆ ದಂಪತಿ ಬಂದು ನಿಂತಿದ್ದರು. ಆಕೆ ಹೊಸ ಸೀರೆಯ ನೆರಿಗೆ ಹಿಡಿದುಕೊಂಡು, ಈ ವಯಸ್ಸಿನಲ್ಲಿ ಹಾರ ಹಾಕಿಸಿಕೊಳ್ಳುವ ನಾಚಿಕೆಯಲ್ಲಿ ನಗುತ್ತಿದ್ದಳು. ಅಂಗಡಿಯಾತ ನನ್ನನ್ನು ನೋಡಿ ಕೈಯೆತ್ತಿ ನಮಸ್ಕಾರ ಮಾಡಿದ. "ಸರ್, ನಮ್ಮ ಮದುವ್ಯಾಗಿನ ಹಾಡು ಮರೀಬ್ಯಾಡ್ರಿ! ಈಕಿ ಮುಂಜಾನಿಯಿಂದ ಅದನ್ನೇ ಅನ್ನಾಕತ್ತಾಳ" ಎಂದು ಅಲ್ಲಿಂದಲೇ ಕೂಗಿದ. ಆಕೆ ಅವನ ತೋಳಿಗೆ ತಿವಿದಳು.

ಜನ ಬಂದು ಕೂತರು. ಮಾಮಾ ಮೈಕಿನಲ್ಲಿ ಹಲೋ ಹಲೋ ಎಂದ. ನಾನು ನನ್ನ ಜಾಗಕ್ಕೆ ಹೋಗಿ ನಿಂತೆ. ಬೇರೆ ಎಲ್ಲಿಗೆ ಹೋಗುವುದು ಎಂದು ತಿಳಿಯದೆ ನಿಂತದ್ದು, ಅದರಲ್ಲಿ ಯಾವ ನಿರ್ಧಾರವೂ ಇರಲಿಲ್ಲ. ಮೊದಲ ಸಲ ಪೂರ್ತಿ ತಿರುಗಿ ಕೀಬೋರ್ಡಿನವನನ್ನು ನೋಡಿದೆ. ಅವನ ಎಡಗೈ ಗುಂಡಿಯ ಮೇಲಿತ್ತು. ಕಿಟಕಿಯಲ್ಲಿ ನಾನು ಮಾಡಿಟ್ಟ ಸೊನ್ನೆ ಹಾಗೇ ಇತ್ತು.

"ಎಷ್ಟಕ್ಕ ಇಡ್ಲಿ ಸರ್?" ಎಂದ ಮೆಲ್ಲಗೆ. ಇಷ್ಟು ವರ್ಷಗಳಲ್ಲಿ ಅವನು ಹೀಗೆ ಕೇಳಿದ್ದು ನನಗೆ ಇದೊಂದೇ ನೆನಪು. ಅವನ ಪ್ರಕಾರ ಎರಡನೆಯದು.

ಸೊನ್ನೆ ಎನ್ನಬಹುದಿತ್ತು. ಬೆಳಗಿನ ಹಾಗೆ ಒಡೆದು, ಎಲ್ಲರೆದುರು ಮುಗಿಸಿಬಿಡಬಹುದಿತ್ತು. ಕರಿ ಎರಡು ಎನ್ನಬಹುದಿತ್ತು. ಹಾಗೆಂದಿದ್ದರೆ ಅವನು ತಲೆಯಾಡಿಸಿ ಮೂರು ಸಲ ಗುಂಡಿ ಒತ್ತುತ್ತಿದ್ದ, ಎಲ್ಲ ಮೊದಲಿನಂತೆ ನಡೆಯುತ್ತಿತ್ತು.

"ಬಿಳಿ ಒಂದು" ಎಂದೆ.

ಕರಿ ಎರಡರಿಂದ ಮೂರು ಮನೆ ಇಳಿದರೆ ಅದೇ. ಅವನು ಗುಂಡಿ ಒತ್ತಿದ. ಚಾಚಾ ದೊಡ್ಡ ಬಾಯಿನ ತಬಲಾದ ಮೇಲೆ ಬೆರಳಿಟ್ಟು ಒಮ್ಮೆ ನುಡಿಸಿ ನೋಡಿದರು. ಕೂಡಿತು. ಬಿಳಿ ಒಂದು ಎಂದು ನಾನು ಬಾಯಿಬಿಟ್ಟು ಹೇಳಿದ ಮೇಲೂ ಕೀಬೋರ್ಡಿನವನ ಬೆರಳು ಕೂತದ್ದು ಕರಿ ಎರಡರ ಮೇಲೆಯೇ. ಪಾಪ, ಅವನಿಗೆ ಬೇರೆ ದಾರಿ ಬರುವುದಿಲ್ಲ.

ಹಾಡಿದೆ. ದಂಪತಿಯ ಮದುವೆಯ ಕಾಲದ ಹಾಡು. ಮೇಲಿನ ಸಾ ಬಂತು. ಮುಂದಿನ ಸಾಲಿನ ಇಬ್ಬರು ಮುದುಕರು ತಲೆ ಎತ್ತಿದರು, ಶನಿವಾರದವರಂತೆಯೇ. ಅವರಿಗೆ ಮನೆಗಳ ಲೆಕ್ಕವಿಲ್ಲ. ಅಂಗಡಿಯಾತನ ಹೆಂಡತಿ ಕಣ್ಣೊರೆಸಿಕೊಂಡಳು. ನಾನು ನನ್ನ ದನಿಯನ್ನು ಬೇರೆ ಯಾರದೋ ಎಂಬಂತೆ ಕೇಳುತ್ತಿದ್ದೆ. ಕೆಟ್ಟದಾಗೇನೂ ಇರಲಿಲ್ಲ. ತುಸು ದಪ್ಪ, ತುಸು ಕೆಳಗಿನದು, ವಯಸ್ಸಾದ ಒಬ್ಬನದು. ಇವನು ಎಷ್ಟು ದಿನದಿಂದ ನನ್ನ ಜಾಗದಲ್ಲಿ ನಿಂತು ಹಾಡುತ್ತಿದ್ದ?

ವ್ಯಾನಿನಲ್ಲಿ ಹುಲಸೂರವೋ ಕೊಡಂಬಲವೋ ಎಂಬ ಜಗಳ ಮತ್ತೆ ಹತ್ತಿತು. ಸ್ಪೀಕರಿನಿಂದ ಬಿದ್ದ ಸೋದರಮಾವನಿಗೇ ಫೋನು ಮಾಡಿ ಕೇಳುತ್ತೇನೆಂದ ಮಾಮಾ. ಚಾಚಾ "ಮಾಡು ಮಾಡು, ಇನ್ನೊಮ್ಮಿ ಬೀಳ್ತಾನ ಅಂವ" ಎಂದರು. ನಾನೂ ನಕ್ಕೆ. ನೆನಪಿದ್ದು ನಕ್ಕೆನೋ ರೂಢಿಯಿಂದ ನಕ್ಕೆನೋ. ನನ್ನ ಓಣಿಯ ಬಾಯಲ್ಲಿ ಇಳಿದಾಗ ಕೀಬೋರ್ಡಿನವನೂ ಇಳಿದು ಬಾಗಿಲು ಹಿಡಿದು ನಿಂತ.

"ಸಿಟ್ಟಿಗೆದ್ದೀರೇನ್ರಿ ಸರ್?"

"ಇಲ್ಲಪಾ."

"ಬಿಳಿ ಒಂದರ ಬೆರಳು ರೂಢಿ ಮಾಡ್ಕೋತೀನ್ರಿ. ಪೇಟಿ ಮ್ಯಾಲೂ ಬರ್ಬೇಕಲ್ಲ."

ಮಾಡ್ಕೋ ಎಂದೆ. ವ್ಯಾನು ಹಿಂದಕ್ಕೆ ಸರಿದು ತಿರುಗಿತು. ಒಳಗಿನ ಮೂವರ ಮಾತು ಸ್ವಲ್ಪ ದೂರ ಕೇಳಿಸಿ ನಿಂತಿತು.

ಕೋಣೆಯ ಬಾಗಿಲು ತೆಗೆದು ದೀಪ ಹಾಕಿದೆ. ಎರಡು ದಿನ ಮುಚ್ಚಿದ್ದ ಗಾಳಿ. ಗೋಡೆಯಾಚೆ ಟಿ.ವಿ. ಆಗಲೇ ನಿಂತಿತ್ತು. ಚಪ್ಪಲಿ ಬಿಡದೆ, ಬಾಗಿಲಲ್ಲೇ ನಿಂತು, ಗಂಟಲು ಸರಿಮಾಡಿಕೊಂಡು ಒಂದು ಸಾ ಹಿಡಿದೆ. ಯಾವ ಕಷ್ಟವೂ ಇಲ್ಲದೆ ಬಂತು. ಉಸಿರು ಮುಗಿಯುವವರೆಗೆ ಹಿಡಿದೆ. ಅದು ಕರಿಯೋ ಬಿಳಿಯೋ, ಎಷ್ಟನೆಯ ಮನೆಯೋ, ಹೇಳಲು ಅಲ್ಲಿ ಯಾರೂ ಇರಲಿಲ್ಲ.